ವಿದ್ಯೆಗಳು ಎಷ್ಟು, ಯಾವುದು ಮೊದಲು

1905ನೆಯ ಇಸವಿಯಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ತಂದೊಪ್ಪಿಸಿದ ತಾಳೆಯೋಲೆಯ ಕಟ್ಟೊಂದನ್ನು ಬಿಚ್ಚಿ, ಅದರ ಗ್ರಂಥಾಕ್ಷರಗಳ ಸಾಲುಗಳಲ್ಲಿ ಕಣ್ಣಾಡಿಸಿದ ಅಲ್ಲಿಯ ಗ್ರಂಥಪಾಲಕ ಶಾಮಶಾಸ್ತ್ರಿಗಳು, ಅಲ್ಲಲ್ಲಿ ಉದ್ಧೃತವಾದ ಮಾತುಗಳಿಂದ ಮಾತ್ರ ಲೋಕಕ್ಕೆ ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದೇ ಎಂದು ಗುರುತಿಸಿದರು. 1909ರಲ್ಲಿ ಮೂಲವೂ 1915ರಲ್ಲಿ ಅದರ ಸಂಪೂರ್ಣ ಇಂಗ್ಲಿಷ್ ಅನುವಾದವೂ ಅಚ್ಚಾಗಿ ಹೊರಬಂದವು. ಈ ಗ್ರಂಥದ ಹೆಸರೆತ್ತಿದೊಡನೆ ಗೂಢಚಾರರೂ ದುರ್ಗಗಳೂ ಸಂಧಿವಿಗ್ರಹಗಳೂ ನಮ್ಮ ನೆನಪಿಗೆ ಬರುವುದು ವಾಡಿಕೆಯಾದರೂ, ಗ್ರಂಥದ ಬಾಗಿಲಲ್ಲಿಯೇ ನಮ್ಮನ್ನು ಎದುರುಗೊಳ್ಳತಕ್ಕದ್ದು ಒಂದು ಪಠ್ಯಕ್ರಮದ ವಿವಾದ. ಔಶನಸರ ಮತದಲ್ಲಿ ವಿದ್ಯೆ ಒಂದೇ, ಅದು ದಂಡನೀತಿ, ಎಂದರೆ ರಾಜ್ಯವನ್ನಾಳುವ ವಿದ್ಯೆ. ಬಾರ್ಹಸ್ಪತ್ಯರು ವಾರ್ತೆಯನ್ನೂ ಸೇರಿಸಿ ಎರಡೆನ್ನುವರು. ಮಾನವರು ತ್ರಯಿಯನ್ನು, ಎಂದರೆ ಮೂರು ವೇದಗಳನ್ನು, ಕೂಡಿಸಿ ಮೂರೆನ್ನುವರು. ಕೌಟಿಲ್ಯನಾದರೋ ಇವೆಲ್ಲಕ್ಕೂ ದೀಪಪ್ರಾಯವಾದ ಆನ್ವೀಕ್ಷಿಕಿ ಎಂಬ ವಿಚಾರವಿದ್ಯೆಯನ್ನು ಮುಂದಿಟ್ಟು ವಿದ್ಯೆಗಳು ನಾಲ್ಕೇ ಎಂದು ನಿರ್ಣಯಿಸುವನು. ಕೃಷಿ, ಪಶುಪಾಲನೆ, ವಾಣಿಜ್ಯಗಳನ್ನು ಒಳಗೊಂಡ ವಾರ್ತೆಯೇ ಇಂದು ನಾವು ಅರ್ಥಶಾಸ್ತ್ರವೆಂದು ಕರೆಯುವ ವಿಷಯಕ್ಕೆ ಹತ್ತಿರದ ನೆಂಟ. ಅದನ್ನು ಆಯಾ ಇಲಾಖೆಗಳನ್ನು ನಡೆಸುವ ಅಧ್ಯಕ್ಷರಿಂದ ಕಲಿಯಬೇಕೆಂಬುದು ಅವನ ವಿಧಿ. ವಿದ್ಯೆಗಳು ಎಷ್ಟು, ಅವುಗಳಲ್ಲಿ ಯಾವುದು ಮೊದಲು, ಯಾರಿಂದ ಕಲಿಯತಕ್ಕದ್ದು ಎಂಬ ಮೂರು ಪ್ರಶ್ನೆಗಳು ಹೀಗೆ ಆ ಓಲೆಗಳಲ್ಲಿ ಒಂದರ ಬೆನ್ನಿಗೊಂದು ನಿಂತಿವೆ.

ನನ್ನ ಮುಂದೆ ಈ ಪ್ರಶ್ನೆಗಳು ಮೊಟ್ಟಮೊದಲು ಬಂದು ನಿಂತದ್ದು ಓಲೆಗರಿಯಲ್ಲಲ್ಲ, ಕಾಲೇಜಿನ ಆಫೀಸಿನ ಕಿಟಕಿಯಲ್ಲಿ. ಬಿ.ಎ. ತರಗತಿಗೆ ಸೇರುವವರು ಮೂರು ಐಚ್ಛಿಕ ವಿಷಯಗಳ ಒಂದು ಗುಂಪನ್ನು, ಎಂದರೆ ಎಲ್ಲರ ಬಾಯಲ್ಲೂ ಬಳಕೆಯಾದ 'ಕಾಂಬಿನೇಷನ್' ಅನ್ನು, ಅರ್ಜಿಯಲ್ಲಿ ಬರೆಯಬೇಕಾಗಿದ್ದ ಕಾಲ ಅದು. ಅರ್ಥಶಾಸ್ತ್ರದೊಡನೆ ಸಂಖ್ಯಾಶಾಸ್ತ್ರವನ್ನು ಓದಬೇಕೆಂಬ ಆಸೆಯನ್ನು ನಾನು ನಿವೇದಿಸಿದಾಗ, ಕಿಟಕಿಯಾಚೆಯ ಗುಮಾಸ್ತರು ಕನ್ನಡಕವನ್ನು ಹಣೆಗೇರಿಸಿ, ಗೋಡೆಗೆ ಅಂಟಿಸಿದ್ದ ವೇಳಾಪಟ್ಟಿಯ ಮೇಲೆ ಬೆರಳಾಡಿಸಿ, "ಎರಡೂ ಹನ್ನೊಂದು ಗಂಟೆಗೇ ಇವೆಯಪ್ಪ. ಒಂದೇ ಹೊತ್ತಿಗೆ ಎರಡು ರೂಮಿನಲ್ಲಿ ಕೂತುಕೊಳ್ಳೋಕೆ ಆಗುತ್ತೇನು? ಎಚ್‌ಇಪಿ ಅಂತ ಬರೆದುಬಿಡು, ಸೀಟು ಖಾಲಿ ಇದೆ" ಎಂದರು. ಹೀಗೆ ಚರಿತ್ರೆ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳು ನನ್ನ ಪಾಲಿಗೆ ಬಂದವು. ಆ ಮೂರು ವಿದ್ಯೆಗಳಿಗೂ ನಾನು ಋಣಿ. ಆದರೂ ನನ್ನ ವಿದ್ಯೆಯನ್ನು ನಿರ್ಣಯಿಸಿದ್ದು ನಾನೂ ಅಲ್ಲ, ನನ್ನ ಗುರುಗಳೂ ಅಲ್ಲ, ಹನ್ನೊಂದು ಗಂಟೆ ಎಂಬ ಸಂಗತಿ ಬಹುಕಾಲ ಮನಸ್ಸಿನಲ್ಲಿ ಮುಳ್ಳಾಡಿತು. ವಿದ್ಯಾರ್ಥಿ ತನ್ನ ಪಾಠಗಳನ್ನು ತಾನೇ ಆಯ್ದುಕೊಳ್ಳಬಹುದೆಂಬ ಭಾವನೆ ಯಾವಾಗ ಹುಟ್ಟಿತು, ಕಲಿಕೆಯನ್ನು ಗಂಟೆಗಳಲ್ಲಿ ಅಳೆಯುವ ರೂಢಿ ಎಲ್ಲಿಂದ ಬಂತು ಎಂದು ಹುಡುಕುವ ಚಟ ಆ ಮುಳ್ಳಿನಿಂದಲೇ ಹತ್ತಿತೆಂದು ತೋರುತ್ತದೆ.

ಇಂಗ್ಲೆಂಡಿನಲ್ಲಿ ಅರ್ಥಶಾಸ್ತ್ರಕ್ಕೆ ಕಾಲೇಜಿನ ಪೀಠ ದೊರೆತದ್ದು ನಮ್ಮ ದೇಶವನ್ನು ಆಳುವ ಸಿದ್ಧತೆಯ ಭಾಗವಾಗಿ. ಈಸ್ಟ್ ಇಂಡಿಯಾ ಕಂಪನಿ ತನ್ನ ಭಾವೀ ಅಧಿಕಾರಿಗಳಿಗಾಗಿ ಸ್ಥಾಪಿಸಿ, ಮುಂದೆ ಹೇಲಿಬರಿಯಲ್ಲಿ ನೆಲೆಗೊಳಿಸಿದ ಕಾಲೇಜಿನಲ್ಲಿ, ಜನಸಂಖ್ಯೆಯ ತತ್ತ್ವದಿಂದ ಆಗಲೇ ಪ್ರಸಿದ್ಧನಾಗಿದ್ದ ಮಾಲ್ತಸ್ 1805ರಲ್ಲಿ ಪ್ರಾಧ್ಯಾಪಕನಾಗಿ ನೇಮಕಗೊಂಡು, 1834ರಲ್ಲಿ ತೀರಿಕೊಳ್ಳುವವರೆಗೂ ಪಾಠ ಹೇಳಿದನು. ಹದಿಹರೆಯವನ್ನು ಇನ್ನೂ ದಾಟದ ಆ ಹುಡುಗರು ಪೌರಸ್ತ್ಯ ಭಾಷೆಗಳೊಡನೆ ಆಡಂ ಸ್ಮಿತ್‌ನ ಗ್ರಂಥವನ್ನೂ ಓದಿ ಹಡಗು ಹತ್ತುತ್ತಿದ್ದರು. ಅವರಿಗೆ ಆಯ್ಕೆಯ ಮಾತೇ ಇರಲಿಲ್ಲ. ಯಾವ ಉದ್ಯೋಗಕ್ಕೆ ಹೋಗತಕ್ಕವರೆಂಬುದು ಮೊದಲೇ ನಿಶ್ಚಯವಾಗಿದ್ದುದರಿಂದ ಯಾವುದನ್ನು ಓದತಕ್ಕದ್ದೆಂಬುದೂ ನಿಶ್ಚಯವಾಗಿತ್ತು. ಅವರು ಕಲಿತ ಭೂಕಂದಾಯದ ಸಿದ್ಧಾಂತಕ್ಕೆ ತೆರಿಗೆ ತೆತ್ತವನು ಮಾತ್ರ ಆ ಪಾಠಶಾಲೆಯನ್ನು ಕಂಡೇ ಇರದ ನಮ್ಮ ರೈತ.

ಆಯ್ಕೆಯೆಂಬ ವಿಚಾರ ತಲೆಯೆತ್ತಿದ್ದು ಅಟ್ಲಾಂಟಿಕ್ ಸಮುದ್ರದ ಆಚೆಯ ದಡದಲ್ಲಿ. 1869ರಲ್ಲಿ ಹಾರ್ವರ್ಡ್ ವಿದ್ಯಾಲಯದ ಅಧ್ಯಕ್ಷಪದವಿಗೆ ಬಂದ ಚಾರ್ಲ್ಸ್ ಎಲಿಯಟ್, ಆಗ ಮೂವತ್ತೈದು ವರ್ಷದ ರಸಾಯನಶಾಸ್ತ್ರಜ್ಞ; ಲ್ಯಾಟಿನ್ ಗ್ರೀಕ್‌ಗಳ ಕಡ್ಡಾಯದ ಚೌಕಟ್ಟಿನಲ್ಲಿ ಎಲ್ಲ ಬುದ್ಧಿಗಳನ್ನೂ ಒಂದೇ ಅಚ್ಚಿಗೆ ಹೊಯ್ಯುವ ಪದ್ಧತಿ ಸಲ್ಲದೆಂದೂ, ಬೆಳೆದ ಹುಡುಗನು ತನ್ನ ಒಲವನ್ನು ತಾನೇ ಬಲ್ಲನೆಂದೂ ನಂಬಿದ್ದ ಆತನು, ನಲವತ್ತು ವರ್ಷದ ತನ್ನ ಆಳ್ವಿಕೆಯಲ್ಲಿ ಕಡ್ಡಾಯದ ಗೋಡೆಯನ್ನು ಒಂದೊಂದೇ ಇಟ್ಟಿಗೆಯಾಗಿ ಕಳಚುತ್ತ ಬಂದು, ಆ ಶತಮಾನ ಮುಗಿಯುವ ಹೊತ್ತಿಗೆ ಮೊದಲ ವರ್ಷದ ಇಂಗ್ಲಿಷ್ ಬರವಣಿಗೆಯ ಪಾಠವೊಂದನ್ನು ಬಿಟ್ಟರೆ ಬೇರಾವುದನ್ನೂ ಕಡ್ಡಾಯವಾಗಿ ಉಳಿಸಲಿಲ್ಲ. ಹೊಸ ವಿದ್ಯೆಗಳಿಗೆ ಸ್ಥಳ ದೊರೆತದ್ದು ಈ ತೆರಪಿನಲ್ಲಿಯೇ. 1871ರಲ್ಲಿ ಅಲ್ಲಿ ಅರ್ಥಶಾಸ್ತ್ರದ ಮೊದಲ ಪ್ರಾಧ್ಯಾಪಕನಾದ ಡನ್‌ಬಾರ್, ಅದಕ್ಕೆ ಮೊದಲು ಬಾಸ್ಟನ್ ನಗರದ ದಿನಪತ್ರಿಕೆಯೊಂದರ ಸಂಪಾದಕನಾಗಿದ್ದವನು. 1892ರಲ್ಲಿ ಆರ್ಥಿಕ ಇತಿಹಾಸಕ್ಕೆಂದೇ ಒಂದು ಪೀಠ ಅಲ್ಲಿ ಸ್ಥಾಪಿತವಾಯಿತು. ಕಡ್ಡಾಯ ವಿಷಯಕ್ಕೆ ಕೇಳುವವರು ಹೇಗೂ ಇರುತ್ತಾರೆ, ಐಚ್ಛಿಕ ವಿಷಯವಾದರೋ ತನ್ನ ಶ್ರೋತೃಗಳನ್ನು ತಾನೇ ಸಂಪಾದಿಸಬೇಕು. ಟೌಸಿಗ್‌ನಂಥ ಅಧ್ಯಾಪಕನು ಪ್ರಾರಂಭದ ಪಾಠವನ್ನು ಕಿರಿಯರಿಗೆ ವಹಿಸಿಬಿಡದೆ ತಾನೇ ನಿಂತು ಹೇಳುತ್ತಿದ್ದುದರ ಮರ್ಮ ಇದೇ ಇದ್ದೀತು.

ಆದರೆ ಸ್ವಾತಂತ್ರ್ಯದ ಈ ಹೊಲದಲ್ಲಿ ಪೈರಿನೊಡನೆ ಕಳೆಯೂ ಬೆಳೆಯಿತು. ಯಾವ ಪಾಠ ಹಗುರ, ಯಾವ ಗುರು ಉದಾರಿ, ಯಾವ ತರಗತಿ ಬೆಳಗಿನ ನಿದ್ದೆಗೆ ಭಂಗ ತರುವುದಿಲ್ಲ ಎಂಬ ಗಣಿತದಲ್ಲಿ ಅನೇಕ ಹುಡುಗರು ಪಾರಂಗತರಾದರು. ಪ್ರಾರಂಭದ ಪಾಠಗಳನ್ನೇ ಹತ್ತು ಕಡೆಯಿಂದ ಹೆಕ್ಕಿ, ಯಾವುದರಲ್ಲಿಯೂ ಎರಡನೆಯ ಮೆಟ್ಟಿಲೇರದೆ ಪದವಿ ಪಡೆದು ಹೊರಬಿದ್ದವರು ಕಾಣತೊಡಗಿದರು. 1903ರ ಸುಮಾರಿಗೆ ಹಾರ್ವರ್ಡಿನ ಅಧ್ಯಾಪಕರ ಸಮಿತಿಯೇ ವಿಚಾರಣೆ ನಡೆಸಿ, ವಿದ್ಯಾರ್ಥಿಗಳು ಓದಿಗೆ ಕೊಡುವ ಹೊತ್ತು ತೀರ ಕಡಿಮೆಯೆಂದು ವರದಿಯೊಪ್ಪಿಸಿತು. 1909ರಲ್ಲಿ ಎಲಿಯಟ್‌ನ ಉತ್ತರಾಧಿಕಾರಿಯಾಗಿ ಬಂದ ಲೊವೆಲ್, ಪದವಿಗೆ ಬೇಕಾದ ಹದಿನಾರು ಪಾಠಗಳಲ್ಲಿ ಆರಾದರೂ ಒಂದೇ ಕ್ಷೇತ್ರದಲ್ಲಿರತಕ್ಕದ್ದು, ಇನ್ನಾರು ಬೇರೆಬೇರೆ ಕ್ಷೇತ್ರಗಳಲ್ಲಿ ಹರಡಿರತಕ್ಕದ್ದು ಎಂಬ ನಿಯಮವನ್ನು ತಂದನು. ಈಗಿನ ಹುಡುಗರು 'ಮೇಜರ್', 'ಓಪನ್ ಎಲೆಕ್ಟಿವ್' ಎಂದು ಕರೆಯುವ ವ್ಯವಸ್ಥೆಯ ಬೇರು ಅಲ್ಲಿದೆ: ಆಳಕ್ಕೊಂದಿಷ್ಟು, ಅಗಲಕ್ಕೊಂದಿಷ್ಟು.

ಅದೇ ಕಾಲದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಇನ್ನೊಂದು ದಾರಿಯನ್ನು ಹಿಡಿದಿತ್ತು. ಅಲ್ಲಿ ಅರ್ಥಶಾಸ್ತ್ರವು ನೀತಿಶಾಸ್ತ್ರದ ಪರೀಕ್ಷೆಯ ಒಂದು ಮೂಲೆಯಲ್ಲಿಯೂ ಚರಿತ್ರೆಯ ಪರೀಕ್ಷೆಯ ಇನ್ನೊಂದು ಮೂಲೆಯಲ್ಲಿಯೂ ಬಾಡಿಗೆಯ ಮನೆಯಲ್ಲಿದ್ದಂತೆ ಇದ್ದಿತು. 1885ರಿಂದ ಅಲ್ಲಿಯ ಅರ್ಥಶಾಸ್ತ್ರದ ಪೀಠದಲ್ಲಿದ್ದ ಆಲ್‌ಫ್ರೆಡ್ ಮಾರ್ಷಲ್, ತಾನು ಗಣಿತದಿಂದ ಬಂದವನಾದರೂ, ಈ ಶಾಸ್ತ್ರಕ್ಕೆ ಅದರದೇ ಆದ ಮೂರು ವರ್ಷದ ಸೋಪಾನಕ್ರಮವೊಂದು ಬೇಕೆಂದು ವರ್ಷಗಟ್ಟಲೆ ಸಹೋದ್ಯೋಗಿಗಳೊಡನೆ ವಾದಿಸಿ, ಕರಪತ್ರ ಅಚ್ಚುಹಾಕಿಸಿ ಹಂಚಿ, ಕಡೆಗೆ 1903ರಲ್ಲಿ ಅರ್ಥಶಾಸ್ತ್ರಕ್ಕೆ 'ಟ್ರೈಪಾಸ್' ಎಂಬ ಸ್ವತಂತ್ರ ಪದವಿಪರೀಕ್ಷೆಯನ್ನು ಪಡೆದನು. ಎಲಿಯಟ್ ಹುಡುಗನ ಒಲವನ್ನು ನಂಬಿದರೆ, ಮಾರ್ಷಲ್ ಶಾಸ್ತ್ರದ ಅನುಕ್ರಮವನ್ನು ನಂಬಿದನು. ಬೆಲೆಯ ಸಿದ್ಧಾಂತ ತಿಳಿಯದವನಿಗೆ ಹಣದ ವಿಚಾರವೂ, ಹಣದ ವಿಚಾರ ತಿಳಿಯದವನಿಗೆ ವಿದೇಶೀ ವ್ಯಾಪಾರದ ವಿಚಾರವೂ ಅರ್ಥವಾಗದೆಂಬ ಶಿಸ್ತು ಅದು. ವಿನೋದವೆಂದರೆ, ಆ ವ್ಯವಸ್ಥೆಯ ಕೀರ್ತಿಯನ್ನು ಲೋಕಕ್ಕೆ ಹರಡಿದ ಕೇನ್ಸ್ ಆ ಪರೀಕ್ಷೆಗೆ ಕೂತವನೇ ಅಲ್ಲ. 1905ರಲ್ಲಿ ಗಣಿತದ ಪರೀಕ್ಷೆಯನ್ನು ಮುಗಿಸಿ, ಆ ವರ್ಷದ ಒಂದು ಅವಧಿಯಲ್ಲಿ ಮಾರ್ಷಲ್ಲನ ಬಳಿ ಪ್ರಬಂಧಗಳನ್ನು ಬರೆದು ತಿದ್ದಿಸಿಕೊಂಡದ್ದಷ್ಟೆ ಅರ್ಥಶಾಸ್ತ್ರದಲ್ಲಿ ಆತನು ಕ್ರಮಬದ್ಧವಾಗಿ ಪಡೆದ ಶಿಕ್ಷಣ. ಮೆಟ್ಟಿಲುಗಳಿಗಿಂತ ಮೇಲೆ ಕೈಹಿಡಿದು ಹತ್ತಿಸುವ ಗುರುವಿದ್ದಾನೆ ಎಂದು ಕೌಟಿಲ್ಯನ ಮೂರನೆಯ ಪ್ರಶ್ನೆ ಇಲ್ಲಿ ಮತ್ತೆ ತಲೆದೋರುತ್ತದೆ.

ಆಯ್ಕೆಯ ವಿದ್ಯೆಯನ್ನು ಭಾರತೀಯನೊಬ್ಬನು ಪೂರ್ಣವಾಗಿ ಬಳಸಿಕೊಂಡ ದೃಷ್ಟಾಂತವೊಂದನ್ನು ಇಲ್ಲಿ ತುಸು ನಿಂತು ನೋಡಬೇಕು. 1913ರಲ್ಲಿ ಬರೋಡೆಯ ಸಯಾಜಿರಾವ್ ಮಹಾರಾಜರ ವಿದ್ಯಾರ್ಥಿವೇತನದಿಂದ ಭೀಮರಾವ್ ಅಂಬೇಡ್ಕರರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯವನ್ನು ಸೇರಿದರು. ಅವರ ಮುಂದಿದ್ದದ್ದು ಮೂರೇ ವರ್ಷ. ತಮ್ಮೂರಿನ ಶಾಲೆಯಲ್ಲಿ ಸಹಪಾಠಿಗಳಿಂದ ದೂರ ಗೋಣಿತಟ್ಟಿನ ಮೇಲೆ ಕೂತು ಕಲಿತ ಹುಡುಗನೊಬ್ಬನಿಗೆ, ಬೇಕಾದ ಕೋಣೆಯನ್ನು ಹೊಕ್ಕು ಬೇಕಾದ ಗುರುವಿನ ಎದುರಿಗೆ ಕೂತುಕೊಳ್ಳಬಹುದಾದ ಜಾಗ ಏನಾಗಿ ಕಂಡಿರಬಹುದೆಂಬುದನ್ನು ಓದುಗರೇ ಊಹಿಸಬಹುದು. ಆ ಮೂರು ವರ್ಷಗಳಲ್ಲಿ ಅವರು ಆಯ್ದುಕೊಂಡ ಪಾಠಗಳ ಲೆಕ್ಕ ಉಳಿದು ಬಂದಿದೆ: ಅರ್ಥಶಾಸ್ತ್ರದಲ್ಲಿ 29, ಚರಿತ್ರೆಯಲ್ಲಿ 11, ಸಮಾಜಶಾಸ್ತ್ರದಲ್ಲಿ 6, ತತ್ತ್ವಶಾಸ್ತ್ರದಲ್ಲಿ 5, ಮಾನವಶಾಸ್ತ್ರದಲ್ಲಿ 4, ರಾಜ್ಯಶಾಸ್ತ್ರದಲ್ಲಿ 3, ಪ್ರಾರಂಭದ ಫ್ರೆಂಚ್ ಮತ್ತು ಜರ್ಮನ್ ಭಾಷೆಗಳಲ್ಲಿ ಒಂದೊಂದು, ಒಟ್ಟು ಅರವತ್ತು. ಈ ಪಟ್ಟಿಯನ್ನು ಸುಮ್ಮನೆ ಓದಿದರೆ ಹಸಿದವನ ಊಟದಂತೆ ಕಾಣುತ್ತದೆ, ನಿಧಾನವಾಗಿ ಓದಿದರೆ ಅದರೊಳಗಿನ ವಾಸ್ತುಶಿಲ್ಪ ಕಾಣುತ್ತದೆ. ನಡುವೆ ನಿಂತ ಕಂಬ ಅರ್ಥಶಾಸ್ತ್ರ. ಸಾರ್ವಜನಿಕ ಹಣಕಾಸಿನ ಪ್ರಖ್ಯಾತ ವಿದ್ವಾಂಸ ಸೆಲಿಗ್‌ಮನ್ ಅಲ್ಲಿಯ ಗುರು, ಮುಂದೆ 1925ರಲ್ಲಿ ಪ್ರಕಟವಾದ ಬ್ರಿಟಿಷ್ ಇಂಡಿಯಾದ ಪ್ರಾಂತೀಯ ಹಣಕಾಸನ್ನು ಕುರಿತ ಅಂಬೇಡ್ಕರರ ಗ್ರಂಥಕ್ಕೆ ಮುನ್ನುಡಿ ಬರೆದವನೂ ಅವನೇ. ತತ್ತ್ವಶಾಸ್ತ್ರದಲ್ಲಿ ಗುರುವಾಗಿ ದೊರೆತವನು ಜಾನ್ ಡ್ಯೂಯಿ. ನಾಲ್ಕೇ ಪಾಠಗಳ ಮಾನವಶಾಸ್ತ್ರದಿಂದ, ಗೋಲ್ಡನ್‌ವೈಸರನ ವಿಚಾರಗೋಷ್ಠಿಯಲ್ಲಿ 1916ರ ಮೇ ತಿಂಗಳಲ್ಲಿ ಓದಿದ, ಭಾರತದ ಜಾತಿಗಳನ್ನು ಕುರಿತ ಪ್ರಬಂಧ ಹುಟ್ಟಿತು. ಸುಲಭವೆಂದು ಹೆಕ್ಕಿದವನ ಪಟ್ಟಿ ಹೀಗಿರುವುದಿಲ್ಲ. ಇದು ಉತ್ತರಿಸಲೇಬೇಕಾದ ಪ್ರಶ್ನೆಯೊಂದನ್ನು ಊರಿನಿಂದಲೇ ಹೊತ್ತು ತಂದವನ ಪಟ್ಟಿ.

ಅಂಬೇಡ್ಕರರು ನ್ಯೂಯಾರ್ಕಿನಿಂದ ಲಂಡನ್ನಿಗೆ ಹೊರಟ 1916ನೆಯ ವರ್ಷವೇ, ಜುಲೈ 27ರಂದು, ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಅದರ ಹಿಂದೆ, 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ವಿಶ್ವೇಶ್ವರಯ್ಯನವರ ಉತ್ಸಾಹದಿಂದ ಆರಂಭವಾದ ಮೈಸೂರು ಎಕನಾಮಿಕ್ ಕಾನ್ಫರೆನ್ಸಿನ ಚರ್ಚೆಗಳಿದ್ದವು. ಬೇಸಾಯ, ಕೈಗಾರಿಕೆ, ವಿದ್ಯಾಭ್ಯಾಸಗಳನ್ನು ಒಂದೇ ಸಭೆಯಲ್ಲಿ ಕೂಡಿಸಿ ವಿಚಾರಮಾಡಿದ ಆ ಸಂಸ್ಥೆಯನ್ನು ವಾರ್ತೆಯ ಅಧ್ಯಕ್ಷರ ಪರಿಷತ್ತೆಂದರೂ ಸಲ್ಲುತ್ತದೆ. ಮಹಾರಾಜಾ ಕಾಲೇಜಿನಲ್ಲಿ ಅರ್ಥಶಾಸ್ತ್ರವನ್ನು ಬೋಧಿಸಿ, ಅಲ್ಲಿಯೇ ಪ್ರಿನ್ಸಿಪಾಲರೂ ಮುಂದೆ ವಿಶ್ವವಿದ್ಯಾನಿಲಯದ ವೈಸ್ ಛಾನ್ಸಲರೂ ಆದ ಎನ್. ಎಸ್. ಸುಬ್ಬರಾಯರು ಕೇಂಬ್ರಿಜ್‌ನಲ್ಲಿ ಓದಿ ಬಂದವರು. ಹೀಗೆ ನಮ್ಮಲ್ಲಿಗೆ ಬಂದದ್ದು ಎಲಿಯಟ್‌ನ ಆಯ್ಕೆಗಿಂತ ಹೆಚ್ಚಾಗಿ ಮಾರ್ಷಲ್ಲನ ಅನುಕ್ರಮ. ನೆರೆಯ ಮದರಾಸಿನಲ್ಲಿ 1915ರಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕನಾಗಿ ಬಂದ ಗಿಲ್ಬರ್ಟ್ ಸ್ಲೇಟರ್ ಮಾತ್ರ, ಪುಸ್ತಕದ ಹೊಸ್ತಿಲು ದಾಟಿ ಬನ್ನಿರೆಂದು ತನ್ನ ಶಿಷ್ಯರನ್ನು ಹಳ್ಳಿಗಳಿಗೆ ಅಟ್ಟಿ, ಹೊಲದ ಹಿಡುವಳಿಯೆಷ್ಟು, ಸಾಲವೆಷ್ಟು, ಕೂಲಿಯೆಷ್ಟು ಎಂದು ಮನೆಮನೆಯಲ್ಲಿ ಕೇಳಿಸಿ, ಆ ಲೆಕ್ಕಗಳನ್ನು 1918ರಲ್ಲಿ ದಕ್ಷಿಣ ಭಾರತದ ಗ್ರಾಮಗಳ ಪುಸ್ತಕವಾಗಿ ಪ್ರಕಟಿಸಿದನು. ಒಂದು ವಿಷಯದ ಪಾಠವೆಂದರೆ ಪರೀಕ್ಷೆಯ ಪತ್ರಿಕೆಯೆಂದು ತಿಳಿದಿದ್ದ ನಾಡಿನಲ್ಲಿ ಅದೊಂದು ಅಪೂರ್ವವಾದ ಪಾಠವೇ ಸರಿ.

ಈ ಪರೀಕ್ಷೆಯ ಮಾತನ್ನೂ ಹೇಳಬೇಕು. 1857ರಲ್ಲಿ ಸ್ಥಾಪಿತವಾದ ಕಲ್ಕತ್ತ, ಮುಂಬಯಿ, ಮದರಾಸು ವಿಶ್ವವಿದ್ಯಾನಿಲಯಗಳು ಲಂಡನ್ನಿನ ಮಾದರಿಯಲ್ಲಿ ಪರೀಕ್ಷಿಸುವ ಸಂಸ್ಥೆಗಳಾಗಿದ್ದುದರಿಂದ, ನಮ್ಮ ವಿದ್ಯಾರ್ಥಿಯ ವರ್ಷವು ಮಳೆಗಾಲದ ಹೊಳೆಯಂತಿರುತ್ತಿತ್ತು: ಹತ್ತು ತಿಂಗಳು ಬತ್ತಿದ ಮರಳು, ಮಾರ್ಚಿ ಬಂದರೆ ಪ್ರವಾಹ. ಪರೀಕ್ಷೆಗೆ ಮುಂಚಿನ ರಜೆಯಲ್ಲಿ ಊದಿನಕಡ್ಡಿ ಹಚ್ಚಿಟ್ಟು, ಗೈಡು ತೆರೆದು, ತಲೆಗೆ ಎಣ್ಣೆ ತಟ್ಟಿಕೊಂಡು ಕೂತು ಬೇಡಿಕೆಯ ನಿಯಮವನ್ನು ಬಾಯಿಪಾಠ ಮಾಡಿದವರಲ್ಲಿ ನಾನೂ ಒಬ್ಬ. ಇದಕ್ಕೆ ಪ್ರತಿಯಾಗಿ ಬಂದದ್ದು ಆರು ತಿಂಗಳ ಅವಧಿಯೆಂಬ ಮೂಲಾರ್ಥದ ಲ್ಯಾಟಿನ್ ಶಬ್ದದಿಂದ ಹುಟ್ಟಿ, ಜರ್ಮನಿಯ ವಿದ್ಯಾಪೀಠಗಳಲ್ಲಿ ರೂಢಿಯಾಗಿ, ಅಮೆರಿಕವನ್ನು ಹಾದು ಬಂದ ಸೆಮಿಸ್ಟರು. ಅಮೆರಿಕದ ನೆರವಿನಿಂದ ಬೆಳೆದ ಕಾನ್ಪುರದ ಐಐಟಿಯಂಥ ಸಂಸ್ಥೆಗಳು ಅದನ್ನು ಮೊದಲೇ ಅಂಗೀಕರಿಸಿದ್ದವು. ಕರ್ನಾಟಕದ ಸಾಮಾನ್ಯ ಪದವಿ ಕಾಲೇಜುಗಳಿಗೆ ಅದು ತಲಪಿದ್ದು ಬಹುಮಟ್ಟಿಗೆ ಈ ಶತಮಾನದ ಮೊದಲ ದಶಕದಲ್ಲಿ.

ಸೆಮಿಸ್ಟರಿನೊಡನೆ ಬಂದ ಕ್ರೆಡಿಟ್ಟಿನ ಜನ್ಮವೃತ್ತಾಂತ ಇನ್ನೂ ವಿಚಿತ್ರ. ಉಕ್ಕಿನ ಕೋಟ್ಯಧೀಶ ಆಂಡ್ರ್ಯೂ ಕಾರ್ನೆಗಿ 1905ರಲ್ಲಿ ಕಾಲೇಜು ಅಧ್ಯಾಪಕರ ನಿವೃತ್ತಿವೇತನಕ್ಕೆಂದು ಒಂದು ಕೋಟಿ ಡಾಲರನ್ನು ದಾನಮಾಡಿದಾಗ, ಯಾವುದನ್ನು ಕಾಲೇಜೆಂದು ಕರೆಯಬೇಕೆಂಬ ಪ್ರಶ್ನೆ ಹುಟ್ಟಿತು. ಪ್ರೌಢಶಾಲೆಯಲ್ಲಿ ಇಷ್ಟು ಗಂಟೆ ಪಾಠ ಕೇಳಿ ಬಂದವರನ್ನು ಮಾತ್ರ ಸೇರಿಸಿಕೊಳ್ಳುವುದೇ ಕಾಲೇಜೆಂದು ದಾನನಿಧಿಯ ಧರ್ಮದರ್ಶಿಗಳು ನಿರ್ಣಯಿಸಿದರು. ಪಿಂಚಣಿಯ ಆಸೆಗೆ ಕಾಲೇಜುಗಳೆಲ್ಲ ಆ ಅಳತೆಯನ್ನು ಶಿರಸಾವಹಿಸಿದವು. 1910ರಲ್ಲಿ ಅದೇ ನಿಧಿಗಾಗಿ ಮಾರಿಸ್ ಕುಕ್ ಎಂಬ ಇಂಜಿನಿಯರು, ಕಾರ್ಖಾನೆಯ ದಕ್ಷತೆಯನ್ನು ಅಳೆಯುವ ರೀತಿಯಲ್ಲಿಯೇ ವಿದ್ಯಾಲಯವನ್ನೂ ವಿದ್ಯಾರ್ಥಿ-ಗಂಟೆಗಳಲ್ಲಿ ಅಳೆಯಬಹುದೆಂದು ವರದಿ ಬರೆದನು. ಮುದಿ ಅಧ್ಯಾಪಕರ ಹೊಟ್ಟೆಪಾಡಿಗೆಂದು ಹುಟ್ಟಿದ ಅಳತೆಗೋಲು ಹೀಗೆ ತರುಣರ ಬುದ್ಧಿಯನ್ನು ಅಳೆಯತೊಡಗಿತು. ವಾರಕ್ಕೊಂದು ಗಂಟೆಯ ಪಾಠ ಸೆಮಿಸ್ಟರಿನುದ್ದಕ್ಕೂ ನಡೆದರೆ ಒಂದು ಕ್ರೆಡಿಟ್ಟು. ನಾಲ್ಕು ಕ್ರೆಡಿಟ್ಟಿನ ಅರ್ಥಶಾಸ್ತ್ರದ ಒಂದು ಪತ್ರಿಕೆ, ಹದಿನೈದು ವಾರಕ್ಕೆ ಅರವತ್ತು ಗಂಟೆ. ಅಳತೆಯಿಲ್ಲದೆ ಆಯ್ಕೆಯಿಲ್ಲವೆಂಬುದೂ ನಿಜ. ಒಂದು ಪಾಠದ ಬದಲಿಗೆ ಇನ್ನೊಂದನ್ನು ತೆಗೆದುಕೊಳ್ಳಬೇಕಾದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲೇಬೇಕಷ್ಟೆ.

ಇಷ್ಟರಲ್ಲಿ ಶಾಸ್ತ್ರವೂ ಬೆಳೆದಿತ್ತು. 1930ರ ದಶಕದಲ್ಲಿ ರಾಗ್ನರ್ ಫ್ರಿಶ್ ಬಳಕೆಗೆ ತಂದ ಸೂಕ್ಷ್ಮ-ಸಮಗ್ರ ಎಂಬ ವಿಭಾಗ, 1948ರಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್‌ಸನ್ನನ ಪಠ್ಯಪುಸ್ತಕ, ಗಣಿತ ಮತ್ತು ಸಂಖ್ಯಾಶಾಸ್ತ್ರಗಳ ಪ್ರವೇಶ, ಇವೆಲ್ಲ ಕೂಡಿ ಮಾರ್ಷಲ್ಲನ ಮೆಟ್ಟಿಲುಗಳನ್ನು ಇನ್ನಷ್ಟು ಕಡಿದಾಗಿಸಿದವು. ಕೇಂಬ್ರಿಜ್‌ನಲ್ಲಿ ಓದಿ ಬಂದ ವಿ. ಕೆ. ಆರ್. ವಿ. ರಾಯರು 1949ರಲ್ಲಿ ದೆಹಲಿಯ ಸ್ಕೂಲ್ ಆಫ್ ಎಕನಾಮಿಕ್ಸನ್ನೂ 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಸಂಸ್ಥೆಯನ್ನೂ ಸ್ಥಾಪಿಸಿದರು. 2015ರ ಹೊತ್ತಿಗೆ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಆಯ್ಕೆಯಾಧಾರಿತ ಕ್ರೆಡಿಟ್ ಪದ್ಧತಿಯನ್ನು ದೇಶಕ್ಕೆಲ್ಲ ಸೂಚಿಸಿತು. 2021ರಲ್ಲಿ ಕರ್ನಾಟಕವು ಹೊಸ ರಾಷ್ಟ್ರೀಯ ನೀತಿಯ ನಾಲ್ಕು ವರ್ಷದ ಪದವಿಯನ್ನು ತಂದು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಎಲಿಯಟ್‌ನ ಗೋಡೆ ಕಳಚಲು ನಲವತ್ತು ವರ್ಷ ಹಿಡಿದಿದ್ದರೆ, ನಮ್ಮಲ್ಲಿ ಗೋಡೆ ಎದ್ದು ಬಿದ್ದು ಏಳುವುದಕ್ಕೆ ಒಂದು ಪದವಿಯ ಅವಧಿಯೇ ಸಾಕಾಯಿತು.

ಕಳೆದ ವರ್ಷ ನಮ್ಮ ಎದುರುಮನೆಯವರ ಮೊಮ್ಮಗಳು, ದಿನವೂ ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಓದುವವಳು, ಓಪನ್ ಎಲೆಕ್ಟಿವ್‌ಗಳ ಪಟ್ಟಿಯೊಂದನ್ನು ಹಿಡಿದು ಬಂದು, "ತಾತ, ಇದರಲ್ಲಿ ಯಾವುದು ಸುಲಭ ಹೇಳಿ" ಎಂದು ಕೇಳಿದಳು. ಪಟ್ಟಿಯಲ್ಲಿ ಆಗಲೇ ಒಂದಕ್ಕೆ ಪೆನ್ಸಿಲ್ಲಿನ ಗುರುತು ಬಿದ್ದಿತ್ತು. ಅದೇಕೆ ಎಂದರೆ, "ಅದು ಮಧ್ಯಾಹ್ನವೇ ಮುಗಿಯುತ್ತೆ, ಮೂರೂವರೆ ಬಸ್ಸು ಸಿಗುತ್ತೆ" ಎಂದಳು. ಐವತ್ತು ವರ್ಷದ ಹಿಂದೆ ಕಿಟಕಿಯಾಚೆಯಿಂದ ಕೇಳಿದ ಹನ್ನೊಂದು ಗಂಟೆ ಈಗ ಮೂರೂವರೆಯಾಗಿ ಬಂದು ಮುಂದೆ ನಿಂತಂತಾಯಿತು. ನಾನು ಆಕೆಗೆ ಉಪದೇಶ ಮಾಡಲಿಲ್ಲ. ಬಸ್ಸು ತಪ್ಪಿದ ಹುಡುಗಿಗೆ ಮನೆಯಲ್ಲಿ ಏನು ಕಾದಿರುತ್ತದೆಂಬುದು ನನಗೂ ಗೊತ್ತು. ಮುಂದಿನ ಸೆಮಿಸ್ಟರುಗಳಲ್ಲಿ ಏನೇನು ಓದಬೇಕಾಗಿದೆಯೆಂದು ಮಾತ್ರ ಕೇಳಿದೆ. ಆಕೆ ಒಂದೊಂದಾಗಿ ಹೇಳುತ್ತ ಬಂದು, ಎಕನಾಮೆಟ್ರಿಕ್ಸ್ ಎಂಬಲ್ಲಿ ತಡೆದು, ಕೈಯಲ್ಲಿದ್ದ ಪಟ್ಟಿಯನ್ನು ಮತ್ತೊಮ್ಮೆ ನೋಡಿದಳು. ಅದರಲ್ಲಿ ಪ್ರಾರಂಭದ ಸಂಖ್ಯಾಶಾಸ್ತ್ರವೂ ಇತ್ತು. ಅದರ ಪಾಠ ಬೆಳಗಿನ ಮೊದಲನೆಯ ಗಂಟೆಗೆ.

ಅಂಬೇಡ್ಕರರ ಅರವತ್ತು ಪಾಠಗಳ ಕಥೆಯನ್ನು ಆಕೆಗೆ ಹೇಳಿದೆ. ಇಪ್ಪತ್ತೊಂಬತ್ತೆಂಬ ದೊಡ್ಡ ಸಂಖ್ಯೆಗಿಂತ, ಕೊನೆಯಲ್ಲಿ ನಿಂತ ಫ್ರೆಂಚ್ ಒಂದು, ಜರ್ಮನ್ ಒಂದು ಎಂಬ ಎರಡು ಪುಟ್ಟ ಸಂಖ್ಯೆಗಳನ್ನು ಕುರಿತು ಹೆಚ್ಚಾಗಿ ಹೇಳಿದೆ: ಆ ಕಾಲದ ವಿದ್ವತ್ತಿನ ಬಹುಭಾಗ ಆ ಭಾಷೆಗಳಲ್ಲಿ ಇದ್ದುದರಿಂದ, ಡಾಕ್ಟರೇಟಿನ ಕನಸು ಕಂಡ ಮನುಷ್ಯ ಎಳೆಯ ಹುಡುಗರೊಡನೆ ಕೂತು ಅಕ್ಷರಾಭ್ಯಾಸದಿಂದ ಆರಂಭಿಸಬೇಕಾಯಿತು ಎಂದೆ. ಆಕೆ ಪೆನ್ಸಿಲ್ಲಿನ ಹಳೆಯ ಗುರುತನ್ನು ಉಜ್ಜಿ ಅಳಿಸಿ, ಹೊಸದನ್ನು ಹಾಕದೆಯೇ ಎದ್ದು, "ಬೆಳಿಗ್ಗೆ ಆರೂಕಾಲಿಗೆ ಒಂದು ಬಸ್ಸಿದೆ ತಾತ. ಅಮ್ಮನ್ನ ಕೇಳಬೇಕು" ಎಂದು ಹೊರಟಳು.